ಮೊದಲ ಪೋಸ್ಟಿಂಗ್‌ಗೆ ಹೊರಟವರಿಗೆ

ನಮ್ಮ ಮನೆಗಳಲ್ಲಿ ಹಿರಿಯರು ಆಡುವ ಒಂದು ಮಾತನ್ನು ನೀವೂ ಕೇಳಿರುತ್ತೀರಿ: "ಕೈಕಾಲು ಆಡ್ತಾ ಇರುವಾಗಲೇ ದೇವರು ಕರೆದುಕೊಂಡುಬಿಡಲಿ." ಸ್ನಾನಕ್ಕೆ, ಊಟಕ್ಕೆ, ಕಕ್ಕಸಿಗೆ ಇನ್ನೊಬ್ಬರ ಕೈ ಕಾಯುವ ಸ್ಥಿತಿ ಬಾರದಿರಲಿ ಎಂಬ ಭಯ ಆ ಮಾತಿನೊಳಗಿದೆ. ಲಕ್ವ ಹೊಡೆದವರಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ, ಮರೆವಿನ ಕಾಯಿಲೆ ಅಂಟಿದವರಿಗೆ ಆ ಭಯ ಒಂದು ದಿನ ನಿಜವಾಗಿಬಿಡುತ್ತದೆ. ಅಂಥವರ ಪಕ್ಕ ಕೂತು, ಅವರ ಕೆಲಸವನ್ನು ಅವರೇ ಮಾಡಿಕೊಳ್ಳುವ ದಾರಿಯನ್ನು ಅವರ ಜೊತೆಗೇ ಹುಡುಕುವ ವಿದ್ಯೆ ಆಕ್ಯುಪೇಷನಲ್ ಥೆರಪಿ.

ಡೊಂಬಿವಲಿ, ಕಲ್ಯಾಣ್, ಥಾಣೆ, ನವಿಮುಂಬಯಿಯ ಕನ್ನಡದ ಮನೆಗಳಿಂದಲೂ ಮಕ್ಕಳು ಈ ಕೋರ್ಸಿಗೆ ಸೇರುತ್ತಾರೆ. ಎರಡನೆಯ ವರ್ಷದ ಹೊತ್ತಿಗೆ ಮಗಳು ಮನೆಗೆ ಬಂದು "ನನಗೆ ಪೋಸ್ಟಿಂಗ್ ಶುರು" ಎನ್ನುತ್ತಾಳೆ. "ಇಷ್ಟು ಬೇಗ ಕೆಲಸ ಸಿಕ್ಕಿತಾ?" ಎಂದು ಅಪ್ಪ ಕೇಳುತ್ತಾರೆ. ಪೋಸ್ಟಿಂಗ್ ಎಂದರೆ ನೌಕರಿಯಲ್ಲ. ಆಸ್ಪತ್ರೆಯಲ್ಲೋ ವಿಶೇಷ ಶಾಲೆಯಲ್ಲೋ ಹಿರಿಯ ಥೆರಪಿಸ್ಟರ ಕಣ್ಣಳತೆಯಲ್ಲಿ ನಿಜವಾದ ರೋಗಿಗಳ ಜೊತೆ ಕೆಲಸ ಕಲಿಯುವ ಕಾಲ ಅದು. ಪುಸ್ತಕದಲ್ಲಿ ಓದಿದ್ದು ಅಲ್ಲಿ ಕೈಗೆ ಇಳಿಯಬೇಕು. ಈ ಲೇಖನ ಆ ಹೊಸ್ತಿಲ ಮೇಲೆ ನಿಂತಿರುವ ಮಕ್ಕಳಿಗೆ, ಅವರನ್ನು ಬೆಳಿಗ್ಗೆ ಡಬ್ಬಿ ಕಟ್ಟಿ ಕಳಿಸುವ ತಂದೆತಾಯಿಯರಿಗೆ.

ಹೆಸರಿನ ಗೊಂದಲ, ಹುಟ್ಟಿದ ಕಥೆ

ಆಕ್ಯುಪೇಷನ್ ಎಂದ ಕೂಡಲೇ ನಮಗೆ ಉದ್ಯೋಗ ನೆನಪಾಗುತ್ತದೆ. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎಂದು ಕರೆದದ್ದರಿಂದ ಆ ಗೊಂದಲ ಗಟ್ಟಿಯೂ ಆಯಿತು. ಇದು ಕೆಲಸ ಕೊಡಿಸುವ ಚಿಕಿತ್ಸೆಯೇ ಎಂದು ಕೇಳುವವರಿದ್ದಾರೆ. ಇಲ್ಲಿ ಆ ಪದಕ್ಕೆ ಬೇರೆಯೇ ಅರ್ಥ. ಬೆಳಗಿನಿಂದ ರಾತ್ರಿಯವರೆಗೆ ಮನುಷ್ಯನ ದಿನವನ್ನು ತುಂಬುವುದೆಲ್ಲ ಅವನ ಆಕ್ಯುಪೇಷನ್ ಆಗುತ್ತದೆ: ಹಲ್ಲುಜ್ಜುವುದು, ಸೀರೆ ಉಡುವುದು, ರೊಟ್ಟಿ ತಟ್ಟುವುದು, ದೇವರಿಗೆ ಹೂ ಏರಿಸುವುದು, 7.40ರ ಲೋಕಲ್ ಹಿಡಿಯುವುದು. ಮಗುವಿಗಾದರೆ ಆಟವೇ ಆಕ್ಯುಪೇಷನ್. ಕಾಯಿಲೆ ಇವುಗಳಲ್ಲಿ ಯಾವುದನ್ನು ಕಿತ್ತುಕೊಂಡಿದೆ, ಯಾವುದನ್ನು ಮರಳಿ ತರಬಹುದು, ತರಲಾಗದ್ದನ್ನು ಬೇರೆ ಬಗೆಯಲ್ಲಿ ಮಾಡುವುದು ಹೇಗೆ ಎಂದು ನೋಡುವುದೇ ಈ ಚಿಕಿತ್ಸೆ.

ಈ ವಿದ್ಯೆ ನಮ್ಮ ದೇಶದಲ್ಲಿ ಬೇರುಬಿಟ್ಟದ್ದು ಮುಂಬಯಿಯಲ್ಲೇ. 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲ ಶಾಲೆ ತೆರೆಯಿತು. ಅದನ್ನು ಕಟ್ಟಿದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿದ ಅವರು ಇಲ್ಲಿನವರನ್ನು ಮದುವೆಯಾಗಿ ಇಲ್ಲಿಯವರೇ ಆದರು. 1952ರಲ್ಲಿ ಆಕ್ಯುಪೇಷನಲ್ ಥೆರಪಿಸ್ಟರ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಈ ವೃತ್ತಿಯ ವಿಶ್ವ ಒಕ್ಕೂಟ ರೂಪುಗೊಂಡಾಗ ಅದರ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದಾಗಿತ್ತು. ಪರೇಲಿನಲ್ಲಿ ಹಚ್ಚಿದ ಆ ದೀಪದ ಬೆಳಕೇ ಇಂದು ಕೊಲ್ಲಿ ದಾಟಿ ನವಿಮುಂಬಯಿಯ ನೆರೂಳಿನ ಕಾಲೇಜಿನವರೆಗೆ ಬಂದಿದೆ. ನಮ್ಮ ಕರ್ನಾಟಕದ ಮಣಿಪಾಲದಲ್ಲೂ ಈ ಕೋರ್ಸಿದೆ.

ಆ ವಿಶ್ವ ಒಕ್ಕೂಟ ಒಂದು ಕಟ್ಟಳೆ ಹಾಕಿದೆ: ಪದವಿ ಮುಗಿಸುವ ಮುನ್ನ ವಿದ್ಯಾರ್ಥಿ ಕನಿಷ್ಠ 1000 ಗಂಟೆ ರೋಗಿಗಳ ನಡುವೆ ಕಲಿತಿರಬೇಕು. ದಿನಕ್ಕೆ ಐದು ಗಂಟೆ ಎಂದುಕೊಂಡರೂ 200 ದಿನಗಳಾದವು. ಈಜು ಕಲಿಯಲು ನೀರಿಗೆ ಇಳಿಯಲೇಬೇಕಲ್ಲ, ಹಾಗೆ. ಆದರೆ ನೀರಿಗೆ ತಳ್ಳುವ ಮುನ್ನ ದಂಡೆಯ ಮೇಲೆ ಕಲಿಸಬೇಕಾದದ್ದೂ ಇದೆ.

ಯಾವ ಲೋಕಕ್ಕೆ ಹೋಗುತ್ತೀರಿ

ಪೋಸ್ಟಿಂಗ್ ಒಂದೇ ಬಗೆಯದಲ್ಲ. ನಮ್ಮ ಈ ಭಾಗವನ್ನೇ ನೋಡಿ. ಥಾಣೆಯ ಪ್ರಾದೇಶಿಕ ಮನೋರೋಗ ಆಸ್ಪತ್ರೆ 1901ರಷ್ಟು ಹಳೆಯದು. ಕಳ್ವಾದಲ್ಲಿ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಿದೆ. ಕಲ್ಯಾಣಿನಲ್ಲಿ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯಲ್ಲಿ ಶಾಸ್ತ್ರಿನಗರ ಆಸ್ಪತ್ರೆ. ಥಾಣೆಯ ಜಿದ್ದ್ ಶಾಲೆ ವಿಶೇಷ ಮಕ್ಕಳದು. ವಾಶಿಯಲ್ಲಿ ನವಿಮುಂಬಯಿ ಪಾಲಿಕೆ ನಡೆಸುವ ಇ.ಟಿ.ಸಿ. ಕೇಂದ್ರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳಿಗೆ ಕಲಿಕೆ, ಚಿಕಿತ್ಸೆ ಎರಡೂ ಒಂದೇ ಸೂರಿನಡಿ. ಖಾರ್ಘರ್‌ನಲ್ಲಿ ಬೌದ್ಧಿಕ ಅಸಾಮರ್ಥ್ಯವುಳ್ಳವರಿಗಾಗಿ ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಪ್ರಾದೇಶಿಕ ಕೇಂದ್ರವಿದೆ. ನಿಮ್ಮನ್ನು ಎಲ್ಲಿಗೆ ಕಳಿಸಬೇಕೆಂದು ಕಾಲೇಜು ತೀರ್ಮಾನಿಸುತ್ತದೆ. ಎಲ್ಲಿಗೇ ಕಳಿಸಿದರೂ ಮೊದಲು ಆ ಜಾಗದ ಸ್ವಭಾವ ತಿಳಿದುಕೊಳ್ಳಿ. ಮೂಳೆ ಮುರಿದವರ ವಾರ್ಡಿನ ವೇಗ ಬೇರೆ, ಮನೋರೋಗದ ವಿಭಾಗದ ನಿಧಾನ ಬೇರೆ, ಮಕ್ಕಳ ಕೇಂದ್ರದ ಗಲಾಟೆ ಬೇರೆ.

ಮಕ್ಕಳ ಪೋಸ್ಟಿಂಗ್‌ಗೆ ಹೋಗುವ ಮುಂಚೆ ಎರಡು ವಾರ ನಿಮ್ಮ ಕಟ್ಟಡದ ಮಕ್ಕಳನ್ನು ಗಮನಿಸಿ. ಆಧಾರವಿಲ್ಲದೆ ಕೂರುವುದು ಸುಮಾರು ಆರೆಂಟು ತಿಂಗಳಿಗೆ. ನೆಲದ ಮೇಲಿನ ಸಣ್ಣ ಚೂರನ್ನು ಹೆಬ್ಬೆರಳು ತೋರುಬೆರಳ ತುದಿಯಿಂದ ಹೆಕ್ಕುವುದು ಒಂಬತ್ತು ಹತ್ತು ತಿಂಗಳಿಗೆ. ನಡಿಗೆ ಒಂದು ವರ್ಷದ ಆಚೀಚೆ. ಈ ಸಂಖ್ಯೆಗಳನ್ನು ಪರೀಕ್ಷೆಗಾಗಿ ನೀವು ಬಾಯಿಪಾಠ ಮಾಡಿರುತ್ತೀರಿ. ಆದರೆ ಪಕ್ಕದ ಮನೆಯ ಪುಟ್ಟಿ ಆ ಚೂರನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವ ಗಳಿಗೆಯನ್ನು ಕಣ್ಣಾರೆ ಕಂಡವರಿಗೆ, ಸೆರೆಬ್ರಲ್ ಪಾಲ್ಸಿಯ ಮಗುವಿನ ಮುಷ್ಟಿ ಯಾಕೆ ಬಿಚ್ಚುತ್ತಿಲ್ಲ ಎಂಬ ಪ್ರಶ್ನೆ ಥಟ್ಟನೆ ಹುಟ್ಟುತ್ತದೆ. ಸಹಜವಾದದ್ದನ್ನು ಮನಸ್ಸಿಟ್ಟು ನೋಡಿದವರ ಕಣ್ಣಿಗೇ ಕೊರತೆ ಬೀಳುವುದು.

ಮನೋರೋಗ ವಿಭಾಗದ ಪೋಸ್ಟಿಂಗ್ ಎಂದಾಗ ತಂದೆತಾಯಿಯರು ಅಂಜುತ್ತಾರೆ. ಅಂಜಬೇಕಾಗಿಲ್ಲ. ಅಲ್ಲಿ ನೀವು ಕಾಣುವವರಲ್ಲಿ ಬಹಳ ಜನ ದಿನದ ಲಯ ಕಳೆದುಕೊಂಡವರು. ಎದ್ದು ಮುಖ ತೊಳೆಯುವುದು, ಬಾಚಿಕೊಳ್ಳುವುದು, ಒಂದು ಕೆಲಸದಲ್ಲಿ ಕಾಲು ಗಂಟೆ ಮನಸ್ಸು ನಿಲ್ಲಿಸುವುದು, ನಾಲ್ಕು ಜನರ ಜೊತೆ ಕೂತು ಮಾತಾಡುವುದು ಅವರಿಗೆ ಬೆಟ್ಟ ಹತ್ತಿದಷ್ಟು ಕಷ್ಟವಾಗಿರುತ್ತದೆ. ಅವರ ಖಾಸಗಿತನಕ್ಕೂ ಘನತೆಗೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ ರಕ್ಷಣೆಯಿದೆ. ಆ ಕಾಯ್ದೆ, ಮತ್ತು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುವ 2016ರ ಕಾಯ್ದೆ, ಎರಡರ ಸಾರಾಂಶವನ್ನೂ ಹೋಗುವ ಮೊದಲು ಓದಿಕೊಳ್ಳಿ.

ಕಣ್ಣಿನ ತಯಾರಿ: ಒಂದು ರೊಟ್ಟಿ ಬಿಡಿಸಿ ನೋಡಿ

ನಮ್ಮ ವಿದ್ಯೆಯ ಮೂಲಪಾಠ ಕೆಲಸವನ್ನು ಬಿಡಿಸಿ ನೋಡುವುದು. ವಿಜಯಪುರದ ಕಡೆಯಿಂದ ಬಂದು ಕಲ್ಯಾಣಿನಲ್ಲಿ ನೆಲೆಸಿದ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಎಡಭಾಗಕ್ಕೆ ಲಕ್ವ ಹೊಡೆದು ಮೂರು ತಿಂಗಳಾಗಿದೆ. "ಏನು ಮಾಡಬೇಕು ಅನಿಸುತ್ತೆ ಅಜ್ಜಿ?" ಎಂದರೆ "ಒಂದು ರೊಟ್ಟಿ ತಟ್ಟಬೇಕು" ಎನ್ನುತ್ತಾರೆ. ಹೊಸ ವಿದ್ಯಾರ್ಥಿ ಅದನ್ನು ಒಂದೇ ಕೆಲಸ ಎಂದುಕೊಳ್ಳುತ್ತಾಳೆ. ಬಿಡಿಸಿ ನೋಡೋಣ.

ಮೊದಲು ಹಿಟ್ಟಿನ ಡಬ್ಬಿ ಎಲ್ಲಿದೆ ಎಂದು ನೆನಪಾಗಬೇಕು. ಅದನ್ನು ಇಳಿಸಲು ಭುಜ ಮೇಲೇಳಬೇಕು, ಮುಚ್ಚಳ ತೆಗೆಯಲು ಎರಡು ಕೈ ಬೇಕು. ಕುದಿನೀರನ್ನು ಹಿಟ್ಟಿಗೆ ಸುರಿಯುವಾಗ ಕೈ ನಡುಗಬಾರದು. ನಾದುವಾಗ ಮೈಯ ಭಾರ ಭುಜದಿಂದ ಅಂಗೈಗೆ ಇಳಿಯಬೇಕು, ಪಾತ್ರೆ ಜಾರಬಾರದು. ಉಂಡೆ ಕಟ್ಟುವಾಗ ಎಷ್ಟು ಹಿಟ್ಟು ಎಂಬ ಅಂದಾಜು ಬೇಕು. ತಟ್ಟುವಾಗ ಒಂದು ಕೈ ಬಡಿಯುತ್ತದೆ, ಇನ್ನೊಂದು ಕೈ ಅಂಚನ್ನು ತಿರುಗಿಸುತ್ತ ಒಡೆಯದಂತೆ ಕಾಯುತ್ತದೆ. ಎರಡೂ ಒಂದೇ ತಾಳದಲ್ಲಿರಬೇಕು. ತಟ್ಟಿದ್ದನ್ನು ಎರಡು ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕುವ ಗಳಿಗೆಗೆ ಸಮತೋಲ ಬೇಕು, ಧೈರ್ಯವೂ ಬೇಕು. ಮೇಲೆ ನೀರು ಸವರಬೇಕು, ಹೊತ್ತು ನೋಡಿ ಮಗುಚಬೇಕು, ಗ್ಯಾಸ್ ಆರಿಸಲು ಮರೆಯಬಾರದು. ಇಷ್ಟರ ನಡುವೆ ಎಡಗೈಗೆ ಬಿಸಿ ತಾಗಿದ್ದು ತಿಳಿಯಬೇಕು. ಸ್ಪರ್ಶಜ್ಞಾನ ಹೋದ ಕೈಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ.

ಈಗ ಕೇಳಿಕೊಳ್ಳಿ: ಅಜ್ಜಿಯ ರೊಟ್ಟಿ ಎಲ್ಲಿ ಮುರಿದಿದೆ? ಪಾತ್ರೆ ಜಾರುವುದೇ ತೊಂದರೆಯಾದರೆ ಕೆಳಗೊಂದು ಒದ್ದೆ ಬಟ್ಟೆ ಸಾಕು. ನಿಂತು ಸುಸ್ತಾಗುವುದಾದರೆ ಎತ್ತರದ ಸ್ಟೂಲು. ಎತ್ತಿ ಹಾಕಲಾಗದಿದ್ದರೆ ಬಟ್ಟೆಯ ಮೇಲೆ ತಟ್ಟಿ ಬಟ್ಟೆಸಮೇತ ಹಂಚಿಗೆ ಮಗುಚುವ ಉಪಾಯ. ಎಡಗಡೆ ಇಟ್ಟದ್ದನ್ನು ಅಜ್ಜಿಯ ಗಮನವೇ ಗುರುತಿಸುತ್ತಿಲ್ಲವಾದರೆ ತೊಂದರೆ ಕೈಯದಲ್ಲ, ಮಿದುಳಿನದು. ಆಗ ಬೆಂಕಿಯ ಹತ್ತಿರ ಅವರನ್ನು ಒಂಟಿಯಾಗಿ ಬಿಡಬಾರದು. ಒಂದೇ ರೊಟ್ಟಿ, ನಾಲ್ಕು ಬಗೆಯ ಚಿಕಿತ್ಸೆ. ಪೋಸ್ಟಿಂಗ್‌ಗೆ ಮುನ್ನ ದಿನಕ್ಕೊಂದು ಕೆಲಸವನ್ನು ಹೀಗೆ ಬಿಡಿಸಿ ಬರೆಯಿರಿ: ಚಹಾ ಮಾಡುವುದು, ಸೀರೆಯ ನೆರಿಗೆ ಹಿಡಿಯುವುದು, ಲುಂಗಿ ಕಟ್ಟುವುದು, ಮೊಬೈಲ್‌ನಿಂದ ಹಣ ಕಳಿಸುವುದು. ನಂತರ ನಿಮ್ಮ ಒಂದು ಕೈಯನ್ನು ದುಪಟ್ಟಾದಲ್ಲಿ ಕಟ್ಟಿಕೊಂಡು ಅದೇ ಕೆಲಸ ಮಾಡಿ. ಹತ್ತು ಪುಟ ಓದಿದರೂ ಹೊಳೆಯದ್ದು ಹತ್ತು ನಿಮಿಷದಲ್ಲಿ ಹೊಳೆಯುತ್ತದೆ.

ಕೈಯ ತಯಾರಿ: ಹಾಸಿಗೆಯಿಂದ ಗಾಲಿಕುರ್ಚಿಗೆ

ಪೋಸ್ಟಿಂಗ್‌ನಲ್ಲಿ ರೋಗಿಗೆ ಅಪಾಯವಾಗುವ ಸಂದರ್ಭ ಹೆಚ್ಚಾಗಿ ಬರುವುದು ಅವರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ದಾಟಿಸುವಾಗ. ಇದನ್ನು ಗೆಳೆಯರ ಮೇಲೆ ಇಪ್ಪತ್ತು ಸಲವಾದರೂ ಮಾಡಿ ನೋಡದೆ ರೋಗಿಯನ್ನು ಮುಟ್ಟಬೇಡಿ.

ಲಕ್ವದ ರೋಗಿಯಾದರೆ ಗಾಲಿಕುರ್ಚಿಯನ್ನು ಅವರ ಗಟ್ಟಿ ಬದಿಗೆ, ಮಂಚಕ್ಕೆ ಕೊಂಚ ಓರೆಯಾಗಿ ಇಡಿ. ಎರಡೂ ಬ್ರೇಕ್ ಹಾಕಿ, ಹಾಕಿದ್ದನ್ನು ಅಲುಗಿಸಿ ಖಾತ್ರಿ ಮಾಡಿಕೊಳ್ಳಿ. ಕಾಲಿಡುವ ಹಲಗೆ ಎತ್ತಿ. ಮೂತ್ರದ ನಳಿಕೆ, ಸಲೈನ್ ಕೊಳವೆ ಎಲ್ಲಿವೆ ನೋಡಿ. ಏನು ಮಾಡಲಿದ್ದೀರಿ ಎಂದು ರೋಗಿಗೆ ಹೇಳಿ; ಹೇಳದೆ ಯಾರ ಮೈಯನ್ನೂ ಮುಟ್ಟಬಾರದು. ಅವರು ಮಂಚದ ಅಂಚಿಗೆ ಸರಿಯಲಿ. ಪಾದಗಳು ನೆಲಕ್ಕೆ ಪೂರ್ತಿ ತಾಗಿರಲಿ, ಹಿಮ್ಮಡಿ ಮೊಣಕಾಲಿಗಿಂತ ತುಸು ಹಿಂದಿರಲಿ. ಸೋತ ಮೊಣಕಾಲು ಕುಸಿಯದಂತೆ ನಿಮ್ಮ ಮೊಣಕಾಲನ್ನು ಎದುರು ಇಡಿ. ರೋಗಿಯ ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಹಿಡಿಯಿರಿ. "ಮುಂದಕ್ಕೆ ಬಾಗಿ, ಮೂಗು ಪಾದದ ಬೆರಳಿನ ನೇರಕ್ಕೆ ಬರಲಿ, ಈಗ ಏಳಿ" ಎನ್ನಿ. ನಿಂತ ಮೇಲೆ ಒಂದು ಉಸಿರು ಬಿಡುವಷ್ಟು ಹೊತ್ತು ನಿಲ್ಲಿಸಿ. ಆಮೇಲೆ ತಿರುಗಿಸಿ. ಕುರ್ಚಿ ಕಾಲ ಹಿಂಬದಿಗೆ ತಾಗಿ, ಗಟ್ಟಿ ಕೈ ಕುರ್ಚಿಯ ತೋಳನ್ನು ಹಿಡಿದ ಮೇಲೆ ನಿಧಾನಕ್ಕೆ ಕೂರಿಸಿ.

ಎಂದೂ ಮಾಡಬಾರದವು ಎರಡಿವೆ: ಸೋತ ಕೈ ಹಿಡಿದು ಎಳೆಯುವುದು, ಕಂಕುಳಿಗೆ ಕೈಹಾಕಿ ಎತ್ತುವುದು. ಸ್ನಾಯುಗಳ ಹಿಡಿತ ತಪ್ಪಿದ ಭುಜದ ಕೀಲು ಆ ಎಳೆತಕ್ಕೆ ಜಾರಿಬಿಡುತ್ತದೆ, ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಮನೆಯವರು ಪ್ರೀತಿಯಿಂದಲೇ ಹೀಗೆ ಎಳೆಯುತ್ತಾರೆ. ಅವರಿಗೂ ಕಲಿಸುವುದು ನಿಮ್ಮ ಪಾಲಿನ ಕೆಲಸ. ಅಂಗಿ ತೊಡಿಸುವ ಸೂತ್ರವನ್ನೂ ಹಾಗೆಯೇ ಕಲಿಸಿ: ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಸೋತ ಕೈ ಕೊನೆಗೆ.

ಇದರ ಜೊತೆ ಅಳತೆಯ ಕೆಲಸಗಳು. ಕೀಲಿನ ಚಲನೆ ಅಳೆಯುವ ಗೋನಿಯೋಮೀಟರ್, ಸ್ನಾಯುಬಲಕ್ಕೆ 0ಯಿಂದ 5ರವರೆಗಿನ ಅಂಕ. ಗುರುತ್ವದ ವಿರುದ್ಧ ಪೂರ್ತಿ ಎತ್ತಬಲ್ಲ ಸ್ನಾಯುವಿಗೆ 3. 1965ರಲ್ಲಿ ಪ್ರಕಟವಾದ ಬಾರ್ತೆಲ್ ಸೂಚ್ಯಂಕ ಊಟ, ಸ್ನಾನ, ಉಡುಪು, ಮೆಟ್ಟಿಲು ಮುಂತಾದ ಹತ್ತು ಕೆಲಸಗಳನ್ನು ಒಟ್ಟು 100 ಅಂಕಕ್ಕೆ ತೂಗುತ್ತದೆ. ಇವನ್ನು ಮನೆಯಲ್ಲಿ ಅಜ್ಜ, ಅಜ್ಜಿ, ತಮ್ಮಂದಿರ ಮೇಲೆ ಅಭ್ಯಾಸ ಮಾಡಿ. ವಾರ್ಡಿನಲ್ಲಿ ರೋಗಿಯ ಮೊಣಕೈ ಹಿಡಿದುಕೊಂಡು ಪುಸ್ತಕ ತಿರುವುವಂತಾಗಬಾರದು.

ಮಾತಿನ ತಯಾರಿ

ಈ ಭಾಗದ ವಾರ್ಡುಗಳಲ್ಲಿ ಮರಾಠಿ, ಹಿಂದಿ, ಉರ್ದು, ಗುಜರಾತಿ, ಮಲಯಾಳಂ, ಕನ್ನಡ, ತುಳು ಎಲ್ಲವೂ ಕಿವಿಗೆ ಬೀಳುತ್ತವೆ. ನೀವು ಡೊಂಬಿವಲಿಯ ಕನ್ನಡ ಶಾಲೆಯಿಂದ ಬಂದವರಿರಬಹುದು, ಮನೆಯಲ್ಲಿ ತುಳು ಆಡುವವರಿರಬಹುದು. ಬಹುಭಾಷೆಯ ಆ ನಾಲಿಗೆಯನ್ನು ಒಂದು ಉಪಕರಣ ಎಂದೇ ಭಾವಿಸಿ. ನೋವು, ಜುಮ್ಮು, ಮರಗಟ್ಟುವಿಕೆ, ಎಳೆತ, ತಲೆಸುತ್ತು: ಇವಕ್ಕೆ ಮರಾಠಿಯಲ್ಲೂ ಹಿಂದಿಯಲ್ಲೂ ಜನ ಬಳಸುವ ಮಾತೇನು ಎಂದು ಮೊದಲೇ ಪಟ್ಟಿ ಮಾಡಿಕೊಳ್ಳಿ. ಮರೆವಿನ ಕಾಯಿಲೆ ಬಲಿತ ಹಿರಿಯರಲ್ಲಿ ನಡುವಯಸ್ಸಿನಲ್ಲಿ ಕಲಿತ ಭಾಷೆಗಳು ಹಿಂದೆ ಸರಿದು ತಾಯಿನುಡಿ ಮುಂದೆ ಬರುವುದುಂಟು. ಐವತ್ತು ವರ್ಷ ಥಾಣೆಯಲ್ಲಿ ಹೋಟೆಲು ನಡೆಸಿದ ಅಜ್ಜ ಈಗ ತುಳುವಿನಲ್ಲಿ ಮಾತ್ರ ಉತ್ತರಿಸುತ್ತಿದ್ದರೆ ಅದು ಹಠವಲ್ಲ. ಅಂಥ ಕಡೆ ನಿಮ್ಮ ಒಂದು "ಎಂಚ ಉಲ್ಲರ್?" ಬಾಗಿಲು ತೆರೆಯುತ್ತದೆ.

"ನಿಮಗೆ ಏನು ತೊಂದರೆ?" ಎಂದು ಶುರುಮಾಡಿದರೆ ಕಾಯಿಲೆಯ ಕಥೆ ಬರುತ್ತದೆ. "ಕಾಯಿಲೆಗೆ ಮುಂಚೆ ನಿಮ್ಮ ದಿನ ಹೇಗಿರ್ತಿತ್ತು?" ಎಂದು ಕೇಳಿದರೆ ಮನುಷ್ಯರ ಕಥೆ ಬರುತ್ತದೆ. ನಮಗೆ ಎರಡನೆಯದು ಬೇಕು. ಕೆನಡಾದಲ್ಲಿ ರೂಪಿಸಿದ ಒಂದು ಅಳತೆಗೋಲು ಇದನ್ನೇ ಕ್ರಮಬದ್ಧವಾಗಿ ಮಾಡುತ್ತದೆ: ತನಗೆ ಮುಖ್ಯವಾದ ಕೆಲಸಗಳನ್ನು ರೋಗಿಯೇ ಆರಿಸಿ, ಅದನ್ನು ಈಗ ಎಷ್ಟು ಚೆನ್ನಾಗಿ ಮಾಡುತ್ತೇನೆ, ಅದರಲ್ಲಿ ಎಷ್ಟು ತೃಪ್ತಿಯಿದೆ ಎಂದು ಹತ್ತರಲ್ಲಿ ಅಂಕ ಕೊಡುತ್ತಾರೆ. ಇಲ್ಲಿ ಪರೀಕ್ಷಕರು ರೋಗಿಗಳೇ.

ರೋಗಿ ಹೇಳಿದ್ದು ನಿಮ್ಮೊಳಗೇ ಇರಬೇಕು. ಲೋಕಲ್‌ನಲ್ಲಿ ನಿಂತುಕೊಂಡು ಗೆಳತಿಗೆ ಕೇಸಿನ ವಿವರ ಹೇಳಬೇಡಿ. ಪಕ್ಕದಲ್ಲಿ ನಿಂತವರು ಅವರ ನೆಂಟರಿರಬಹುದು. ಅನುಮತಿ ಇಲ್ಲದೆ ಫೋಟೊ ತೆಗೆಯಬೇಡಿ. ನಡೆಯಲು ಕಲಿತ ಮಗುವಿನ ವಿಡಿಯೊ ಎಷ್ಟು ಮುದ್ದಾಗಿದ್ದರೂ ಅದು ನಿಮ್ಮ ಸ್ಟೇಟಸ್‌ಗೆ ಹಾಕುವಂಥದ್ದಲ್ಲ.

ಬರಹದ ತಯಾರಿ

"ರೋಗಿಯ ಕೈ ಸುಧಾರಿಸುವುದು" ಎಂದು ಚಿಕಿತ್ಸೆಯ ಗುರಿ ಬರೆದರೆ, ಈ ವಿದ್ಯೆ ಕಲಿಸುವ ನಾನು ಕೆಂಪು ಗೆರೆ ಎಳೆಯುತ್ತೇನೆ. ಸುಧಾರಿಸಿತೋ ಇಲ್ಲವೋ ಹೇಗೆ ತಿಳಿಯಬೇಕು? "ಮೂರು ವಾರದಲ್ಲಿ ರೋಗಿ ಕುರ್ಚಿಯಲ್ಲಿ ಕೂತು, ಬಾಯಿಮಾತಿನ ನೆರವು ಮಾತ್ರ ಪಡೆದು, ಮುಂಗುಂಡಿಯ ಅಂಗಿಯನ್ನು ಹದಿನೈದು ನಿಮಿಷದಲ್ಲಿ ತೊಡುವರು" ಎಂದು ಬರೆಯಿರಿ. ಯಾರು, ಏನು, ಎಷ್ಟು ನೆರವಿನಲ್ಲಿ, ಎಷ್ಟು ದಿನದಲ್ಲಿ: ನಾಲ್ಕೂ ಬಂದವು. ನಾಳೆ ನೀವು ರಜೆ ಹಾಕಿದರೆ ನಿಮ್ಮ ಜಾಗಕ್ಕೆ ಬಂದವರು ಆ ಸಾಲು ಓದಿ ಕೆಲಸ ಮುಂದುವರಿಸುವಂತಿರಬೇಕು.

ಅದೇ ದಿನ ಬರೆಯಿರಿ. ಸಂಜೆ ರೈಲಿನಲ್ಲಿ ಕೂರಲು ಜಾಗ ಸಿಕ್ಕಿದರೆ ಸ್ವಂತಕ್ಕೆಂದು ಇಟ್ಟ ಪುಸ್ತಕದಲ್ಲಿ, ಯಾರ ಹೆಸರೂ ಇಲ್ಲದೆ, ಮೂರು ಸಾಲು: ಇವತ್ತು ಏನು ನೋಡಿದೆ, ಏನು ತಿಳಿಯಲಿಲ್ಲ, ನಾಳೆ ಏನು ಕೇಳಬೇಕು. ತಿಂಗಳ ಕೊನೆಗೆ ಆ ಪುಸ್ತಕ ಲಾಗ್‌ಬುಕ್‌ಗಿಂತ ಹೆಚ್ಚು ಕಲಿಸಿರುತ್ತದೆ.

ಮನೆಯನ್ನೂ ನೋಡಿ ಬನ್ನಿ

ಆಸ್ಪತ್ರೆಯ ಅಗಲವಾದ ಜಾಗದಲ್ಲಿ ಗಾಲಿಕುರ್ಚಿ ನಡೆಸಲು ಕಲಿತವರು ಮನೆಗೆ ಹೋಗಿ ಮೂಲೆಯಲ್ಲಿ ಉಳಿದುಬಿಡುತ್ತಾರೆ. ಕಾರಣ ಸರಳ. ಸಾಮಾನ್ಯ ಗಾಲಿಕುರ್ಚಿಯ ಅಗಲ 24ರಿಂದ 26 ಇಂಚು. ಹಳೆಯ ಕಟ್ಟಡಗಳ ಬಚ್ಚಲ ಬಾಗಿಲು ಅದಕ್ಕಿಂತ ಕಿರಿದಾಗಿರುವುದು ಹೊಸತೇನಲ್ಲ. ಇಳಿಜಾರು ಹಾದಿಗೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಚಾಳಿನ ಮುಂದಿನ ಗಲ್ಲಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಕುಕ್ಕರಗಾಲಿನ ಕಕ್ಕಸು, ಲಿಫ್ಟಿಲ್ಲದ ಮೂರನೆಯ ಮಹಡಿ, ಸಾಮೂಹಿಕ ನಲ್ಲಿ. ಹಾಗಾಗಿ ನಿಮ್ಮ ಚೀಲದಲ್ಲಿ ಗೋನಿಯೋಮೀಟರ್ ಜೊತೆ ಒಂದು ಅಳತೆ ಪಟ್ಟಿಯೂ ಇರಲಿ. ಮನೆಭೇಟಿಗೆ ಅವಕಾಶ ಸಿಕ್ಕರೆ ಬಾಗಿಲು, ಹೊಸ್ತಿಲು, ಮಂಚದ ಎತ್ತರ ಅಳೆಯಿರಿ. ಸಿಗದಿದ್ದರೆ ಮನೆಯವರಿಂದಲೇ ಅಳೆಸಿ ತರಿಸಿಕೊಳ್ಳಿ.

ಲೋಕಲ್ ರೈಲೂ ನಮ್ಮ ಕಾರ್ಯಕ್ಷೇತ್ರವೇ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಥಾಣೆಗೆ. ಇಂದು ಈ ಊರುಗಳಲ್ಲಿ ಕೆಲಸಕ್ಕೆ ಮರಳುವುದು ಎಂದರೆ ಎಷ್ಟೋ ಜನರಿಗೆ ರೈಲಿಗೆ ಮರಳುವುದು. ಕೃತಕ ಕಾಲು ಹಾಕಿಸಿಕೊಂಡವರು ಪ್ಲಾಟ್‌ಫಾರಂ ಮತ್ತು ಡಬ್ಬಿಯ ನಡುವಿನ ಸಂದು ದಾಟಬಲ್ಲರೇ, ಅಂಗವಿಕಲರ ಡಬ್ಬಿ ಎಲ್ಲಿ ನಿಲ್ಲುತ್ತದೆಂದು ಅವರಿಗೆ ಗೊತ್ತೇ, ಜನ ಕಡಿಮೆ ಇರುವ ಹೊತ್ತು ಯಾವುದು? ನೀವು ನೆರೂಳಿಗೆ ಹೋಗಲು ಥಾಣೆಯಲ್ಲಿ ರೈಲು ಬದಲಿಸುವಾಗ ಈ ಕಣ್ಣಿನಿಂದ ಒಮ್ಮೆ ನಿಲ್ದಾಣವನ್ನು ನೋಡಿ. ಮೆಟ್ಟಿಲುಗಳನ್ನು ಎಣಿಸಿ.

ಮೂರು ಗುಂಡಿಗಳು

ಕೊನೆಯದಾಗಿ, ನಾನು ಕಲಿತ ಪಾಠವೊಂದನ್ನು ಹೇಳಬೇಕು. ನನ್ನ ಮೊದಲ ಪೋಸ್ಟಿಂಗ್‌ನಲ್ಲಿ ಬಲಗೈ ಸೋತ ಒಬ್ಬ ಹಿರಿಯರಿದ್ದರು. ಎಡಗೈಯೊಂದರಲ್ಲೇ ಅಂಗಿಯ ಗುಂಡಿ ಹಾಕುವ ಅಭ್ಯಾಸ ನಡೆದಿತ್ತು. ಐದು ಗುಂಡಿ. ಎರಡು ಹಾಕುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು, ಹಣೆಯ ಮೇಲೆ ಬೆವರು. ಹೊರಗೆ ಇನ್ನೂ ನಾಲ್ವರು ಕಾಯುತ್ತಿದ್ದರು. ನನಗೆ ಕನಿಕರವೂ ಆಯಿತು, ಅವಸರವೂ ಇತ್ತು. ಕೈ ಚಾಚಿ ಉಳಿದ ಮೂರು ಗುಂಡಿಗಳನ್ನು ನಾನೇ ಹಾಕಿಬಿಟ್ಟೆ. ಅವರು ಏನೂ ಅನ್ನಲಿಲ್ಲ. ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಮರುದಿನ ಅಭ್ಯಾಸಕ್ಕೆ ಕೂರಲು ಒಪ್ಪಲಿಲ್ಲ.

ನನ್ನ ಮೇಲ್ವಿಚಾರಕಿ ಬೈಯಲಿಲ್ಲ. "ಆ ಮೂರು ಗುಂಡಿ ಯಾರವು?" ಎಂದು ಮಾತ್ರ ಕೇಳಿದರು. ಆ ಪ್ರಶ್ನೆಯನ್ನು ಇವತ್ತಿಗೂ ನನ್ನ ವಿದ್ಯಾರ್ಥಿಗಳಿಗೆ ದಾಟಿಸುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಪ್ರೀತಿ ಎಂದರೆ ಮಾಡಿಕೊಡುವುದು. ಕಾಯಿಲೆ ಬಿದ್ದವರಿಗೆ ತುತ್ತು ಕಲಸಿ ಬಾಯಿಗಿಡುವುದನ್ನೇ ನೋಡಿ ಬೆಳೆದಿದ್ದೇವೆ. ಆ ಪ್ರೀತಿ ಇರಲಿ. ಆದರೆ ಥೆರಪಿಸ್ಟಾಗುವವರು ಕೈ ಹಿಂದಕ್ಕೆ ಕಟ್ಟಿಕೊಂಡು, ಬೀಳದಂತೆ ಕಾಯುತ್ತ, ಮಾತಿನಲ್ಲೇ ದಾರಿ ತೋರುತ್ತ ನಿಲ್ಲುವುದನ್ನು ಕಲಿಯಬೇಕು. ಎಷ್ಟು ನೆರವು ಕೊಡಬೇಕು, ಯಾವಾಗ ಹಿಂತೆಗೆಯಬೇಕು ಎಂಬ ಹದ ಒಂದು ದಿನದಲ್ಲಿ ಬರುವುದಿಲ್ಲ. ಆ 1000 ಗಂಟೆಗಳು ಇರುವುದು ಅದಕ್ಕಾಗಿಯೇ.

ತಪ್ಪು ನಿಮ್ಮಿಂದಲೂ ಆಗುತ್ತದೆ. ಆದ ಕೂಡಲೇ ಮೇಲ್ವಿಚಾರಕರಿಗೆ ತಿಳಿಸಿ. ಮುಚ್ಚಿಟ್ಟ ತಪ್ಪಿನ ಪೆಟ್ಟು ರೋಗಿಗೆ ಬೀಳುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಯಾರದೋ ನೋವು ನೋಡಿ ಕಣ್ಣು ತುಂಬಿದರೆ ಹೊರಗೆ ಬಂದು ಮುಖ ತೊಳೆದುಕೊಂಡು ಮತ್ತೆ ಒಳಗೆ ಹೋಗಿ. ತಂದೆತಾಯಿಯರೇ, ಸಂಜೆ ಮಕ್ಕಳು ಬಂದಾಗ ಮಾರ್ಕ್ಸ್ ಕೇಳುವ ಮೊದಲು ಒಂದು ಲೋಟ ಚಹಾ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತಿರಿ. ಅವರು ಆ ದಿನ ನೋಡಿದ್ದು ಸಣ್ಣದಲ್ಲ.

ಮೊದಲ ದಿನ ಕಾಲು ಗಂಟೆ ಮುಂಚೆಯೇ ತಲುಪಿ. ಉಗುರು ಕತ್ತರಿಸಿರಲಿ, ಉಂಗುರ ಮನೆಯಲ್ಲಿರಲಿ, ಚಪ್ಪಲಿಯ ಬದಲು ಮುಚ್ಚಿದ ಷೂ ಇರಲಿ. ಸೋಪು ಹಾಕಿ ಮುಕ್ಕಾಲು ನಿಮಿಷ ಕೈ ತೊಳೆಯಿರಿ. ನಿಮ್ಮ ಹೆಸರು ಹೇಳಿ, ನೀವಿನ್ನೂ ವಿದ್ಯಾರ್ಥಿ ಎಂಬುದನ್ನೂ ಹೇಳಿ, ಒಪ್ಪಿಗೆ ಪಡೆದು, ರೋಗಿಯ ಕಣ್ಣಿನ ಎತ್ತರಕ್ಕೆ ಕೂತುಕೊಳ್ಳಿ. "ಯಾವ ಕೆಲಸ ನಿಮಗೆ ಮೊದಲು ವಾಪಸ್ ಬೇಕು?" ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ.